ಜಪಾನ್ ಮನೆಯ ಬಾಣಂತಿ ಕೋಣೆ

ಚಿನಕುರಳಿಯಲ್ಲಿ ಬಸ್ಸಿಳಿದು ಜವರಯ್ಯನ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚನೆ ಮಾಡುತ್ತಾರೆ. ಆ ಹೆಸರಿನವರು ಊರಲ್ಲಿ ಒಬ್ಬಿಬ್ಬರಲ್ಲ. ಜಪಾನ್ ಮನೆ ಎಲ್ಲಿ ಎಂದು ಕೇಳಿದರೆ ಯೋಚನೆಯೇ ಇಲ್ಲ, ಎಳೆ ಮಗುವೂ ಕೈ ತೋರಿಸುತ್ತದೆ. ಹಾಗಂತ ಆ ಮನೆಯಲ್ಲಿ ಜಪಾನಿನದು ಅನ್ನುವುದು ಒಂದು ಮೊಳೆಯೂ ಇಲ್ಲ. ಗಾಜು ಮೈಸೂರಿನದು, ಗಾರೆಯವರು ಪಾಂಡವಪುರದವರು, ಕಲ್ಲು ಊರ ಪಕ್ಕದ ಕ್ವಾರಿಯದು. ಜಪಾನಿನಿಂದ ಬಂದದ್ದು ನಕ್ಷೆ ಒಂದೇ, ಅದೂ ಫೋನಿನಲ್ಲಿ. ಬರೆದು ಕಳಿಸಿದವಳು ಜವರಯ್ಯನ ಕಿರಿಮಗಳು ಹೇಮಶ್ರೀ.

ಈ ಹೇಮಶ್ರೀ ಹುಟ್ಟಾ ಹಟಮಾರಿ. ಕ್ವಾರಿ ಧೂಳು ಬೀಳುವ ಊರಲ್ಲಿ ಹುಟ್ಟಿ ಧೂಳನ್ನು ಕಂಡರೆ ಆಗದವಳು. ಹೊಸ್ತಿಲು ಗುಡಿಸಿ ರಂಗೋಲಿ ಹಾಕಿ ತಿರುಗುವುದರೊಳಗೆ ರಂಗೋಲಿಯ ಮೇಲೆ ಬಿಳಿ ಪುಡಿ ಕೂತಿರುತ್ತಿತ್ತು. ಹಾಲಿನ ಮೇಲೆ, ರಾಗಿ ಹಿಟ್ಟಿನ ಮೇಲೆ, ಹಾಸಿಗೆಯ ಮೇಲೆ ಅದೇ ಪುಡಿ. ಅವಳ ಅವ್ವ ಜಯಲಕ್ಷ್ಮಮ್ಮ ಕೆಮ್ಮುತ್ತಲೇ ಮುದ್ದೆ ತೊಳಸುತ್ತಿದ್ದಳು. ಧೂಳು ಬಾರದ ಮನೆ ಕಟ್ಟುತ್ತೇನೆ ಎಂದು ಹೈಸ್ಕೂಲಿನಲ್ಲೇ ಮಾತು ಕೊಟ್ಟ ಹುಡುಗಿ ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಿದಳು, ಸಂಜೆ ಹೊತ್ತು ಜಪಾನಿ ಭಾಷೆಯನ್ನೂ ಕಲಿತಳು, ಕೊನೆಗೆ ಸ್ಕಾಲರ್‌ಶಿಪ್ಪು ಸಿಕ್ಕಿ ಸಪ್ಪೊರೊ ಎಂಬ ಹಿಮದ ಊರಿಗೆ ಹಾರಿಯೇಬಿಟ್ಟಳು. ಮನೆ ಕಟ್ಟುವುದು ಕಲಿಯಲು ಅಷ್ಟು ದೂರ ಹೋಗಬೇಕೇ, ನಮ್ಮ ಮೇಸ್ತ್ರಿಯೇ ಹೇಳಿಕೊಡುತ್ತಿದ್ದನಲ್ಲ ಎಂದು ಊರವರು ನಕ್ಕರು. ನಗುವವರಿಗೇನು, ನಗುತ್ತಾರೆ.

ಸಪ್ಪೊರೊದ ಚಳಿ ನಮ್ಮ ಮಾಗಿಯ ಚಳಿಯಲ್ಲ. ಅಲ್ಲಿ ಸೊಂಟದ ಮಟ್ಟಕ್ಕೆ ಹಿಮ ಬೀಳುತ್ತದೆ. ಹಾಗಾಗಿ ಅಲ್ಲಿನ ಮನೆಗಳಲ್ಲಿ ಕೂದಲು ತೂರುವಷ್ಟು ಸಂದಿಯೂ ಇರುವುದಿಲ್ಲ. ಕಿಟಕಿಗೆ ಎರಡು ಪದರ ಗಾಜು, ಬಾಗಿಲ ಸುತ್ತ ರಬ್ಬರು. ಉಸಿರಾಟಕ್ಕೆ ಬೇಕಾದ ಗಾಳಿ ಗೋಡೆಯ ಒಂದು ಕಿಂಡಿಯಿಂದ ಒಳಗೆ ಬರುತ್ತದೆ, ಇನ್ನೊಂದು ಕಿಂಡಿಯ ಫ್ಯಾನು ಅದನ್ನು ಹೊರಗೆ ದೂಡುತ್ತದೆ, ಹಗಲೂ ರಾತ್ರಿ. ಅದನ್ನು ಮೊದಲ ಸಲ ನೋಡಿದಾಗ ಹೇಮಶ್ರೀಗೆ ನೆನಪಾದದ್ದು ಹಿಮವಲ್ಲ, ಕ್ವಾರಿ. ಚಳಿ ಬಾರದ ಮನೆಗೆ ಧೂಳೂ ಬಾರದು. ಒಳಗೆ ಬರುವ ಕಿಂಡಿಗೆ ಒಂದು ಜಾಲರಿ ಹಾಕಿದರೆ ಮುಗಿಯಿತು. ಆಗ ತಾನೇ ಜವರಯ್ಯ ಹೆಂಚಿನ ಮನೆ ಕೆಡವಿ ಹೊಸದು ಕಟ್ಟುವ ಮಾತಾಡುತ್ತಿದ್ದ. ಮಗಳು ಕೂತು ನಕ್ಷೆ ಬರೆದಳು. ಅವಳ ಗುರು ಮೊರಿಟಾ ಅದನ್ನು ನೋಡಿ, ಇದನ್ನೇ ನಿನ್ನ ಕೊನೆಯ ವರ್ಷದ ಕೆಲಸ ಮಾಡಿಕೊ, ಕಟ್ಟಿದ ಮೇಲೆ ಅಳೆದು ತೋರಿಸು ಅಂದರು. ಮನೆ ಎದ್ದಿತು. ಒಳಗೆ ಕಾಳಷ್ಟೂ ಧೂಳಿಲ್ಲ. ಜಯಲಕ್ಷ್ಮಮ್ಮನ ಕೆಮ್ಮು ಅರ್ಧಕ್ಕರ್ಧ ಇಳಿಯಿತು. ಜವರಯ್ಯ ಬಂದವರನ್ನೆಲ್ಲ ಒಳಗೆ ಕರೆದು, ಬೀರುವಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ಅವರ ಮೂಗಿಗೇ ಹಿಡಿಯುತ್ತಿದ್ದ.

ಫೆಬ್ರವರಿಯಲ್ಲಿ ಆ ಮನೆಯನ್ನು ಹೇಮಶ್ರೀ ಸಪ್ಪೊರೊದ ಪ್ರೊಫೆಸರುಗಳ ಮುಂದೆ ಇಡಬೇಕಿತ್ತು. ಅದಕ್ಕೆ ಫೋಟೋ ಬೇಕು, ಅಳತೆ ಬೇಕು. ಡಿಸೆಂಬರಿನ ಕೊನೆಗೆ ಸಿಕ್ಕ ಸಣ್ಣ ರಜೆಯಲ್ಲಿ ಅವಳು ಊರಿಗೆ ಬಂದಳು. ಇನ್ನೊಂದು ಕಾರಣವೂ ಇತ್ತು. ನಾಗಮಂಗಲಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ ಪ್ರಮೀಳಾ ಹೆರಿಗೆಗೆ ತವರಿಗೆ ಬಂದು, ಗಂಡು ಮಗು ಹೆತ್ತು, ಹಸಿ ಬಾಣಂತಿಯಾಗಿ ಅದೇ ಮನೆಯಲ್ಲಿದ್ದಳು.

ಬಂದವಳನ್ನು ಅಜ್ಜಿ ಚಿಕ್ಕಬೋರಮ್ಮ ಬಾಗಿಲಲ್ಲೇ ನಿಲ್ಲಿಸಿ ಕೈಕಾಲು ತೊಳೆಸಿದಳು. ಸಮುದ್ರ ದಾಟಿ, ಯಾವ ಯಾವ ಗಾಳಿ ಸೋಕಿಸಿಕೊಂಡು ಬಂದವಳು ತಲೆಗೆ ನೀರು ಹಾಕಿಕೊಳ್ಳದೆ ಬಾಣಂತಿ ಕೋಣೆಗೆ ಕಾಲಿಡುವ ಹಾಗಿಲ್ಲ ಎಂದು ಕಟ್ಟಪ್ಪಣೆ ಮಾಡಿದಳು. ಚಿಕ್ಕಬೋರಮ್ಮನ ಮಾತಿಗೆ ಆ ಮನೆಯಲ್ಲಿ ಎದುರಿಲ್ಲ. ಊರಿನ ಅರ್ಧ ಮಕ್ಕಳನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದವಳು ಅವಳು. ಜವರಯ್ಯನೂ ಅವಳ ಕೆಂಡದ ಕಾವಿನಲ್ಲೇ ಬೆಳೆದವನು.

ಹೇಮಶ್ರೀ ಮಿಂದು, ಕೋಣೆಯ ಬಾಗಿಲು ಸರಿಸಿ ಇಣುಕಿದಳು. ಒಳಗೆ ಕತ್ತಲು, ಕಾವು, ಸಾಂಬ್ರಾಣಿಯ ವಾಸನೆ. ಮಂಚದ ಕೆಳಗೆ ಕಬ್ಬಿಣದ ಬಾಂಡ್ಲಿಯಲ್ಲಿ ಕೆಂಡ ಮಿನುಗುತ್ತಿತ್ತು. ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಪ್ರಮೀಳಾ ತಂಗಿಯನ್ನು ನೋಡಿ ನಗಲು ಹೋಗಿ ಹಣೆ ಹಿಡಿದುಕೊಂಡಳು. ತಲೆ ಸಿಡಿಯುತ್ತಿದೆ, ದಿನವೂ ಇದೇ ಆಯಿತು, ನೀರು ಹಾಕಿ ಮಲಗಿಸಿದ ಮೇಲೆ ಶುರುವಾಗುತ್ತದೆ, ಓಕರಿಕೆಯೂ ಬರುತ್ತದೆ ಅಂದಳು. ಬಾಣಂತಿಗೆ ಶೀತ ಹತ್ತಿದೆ, ಕಾವು ಸಾಲದು ಎಂದು ಅಜ್ಜಿ ಅರ್ಥ ಹೇಳಿದಳು. ಮಗು ಮಾತ್ರ ಚಿನ್ನದಂಥದ್ದು, ಅಳುವುದೇ ಇಲ್ಲ, ಮಲಗಿದರೆ ಹಾಲಿಗೂ ಏಳುವುದಿಲ್ಲ ಎಂದು ಹೆಮ್ಮೆಪಟ್ಟಳು.

ಹೇಮಶ್ರೀ ಬಗ್ಗಿ ಮಗುವಿನ ಮುಖ ನೋಡಿದಳು. ತಿಂಗಳು ತುಂಬದ ಮಗು ಅಳದೆ ಇರುತ್ತದೆಯೇ? ಅವಳು ತಲೆಯೆತ್ತಿ ಗೋಡೆಯ ಕಿಂಡಿಗಳನ್ನು ನೋಡಿದಳು. ಎರಡಕ್ಕೂ ಹಳೇ ಸೀರೆ ತುರುಕಿತ್ತು. ಫ್ಯಾನಿನ ಸ್ವಿಚ್ಚು ಆರಿತ್ತು. ಬಾಣಂತಿಗೆ ಗಾಳಿ ಸೋಕಬಾರದಲ್ಲ, ಹಳೇ ಮನೆಯಲ್ಲೂ ಕಿಟಕಿಗೆ ಹೀಗೇ ಬಟ್ಟೆ ತುರುಕುತ್ತಿದ್ದೆವು ಎಂದಳು ಅಜ್ಜಿ.

ಹಳೇ ಮನೆ! ಅಲ್ಲಿ ಕಿಟಕಿ ಮುಚ್ಚಿದರೆ ಏನು, ನಾಡಹೆಂಚಿನ ಸಂದಿಯೆಲ್ಲ ಕಿಟಕಿಯೇ. ಕೆಂಡದ ಕೆಟ್ಟ ಗಾಳಿ ಮೇಲೇರಿ ಹೆಂಚಿನಲ್ಲಿ ತೂರಿ ಹೋಗುತ್ತಿತ್ತು. ಈ ಮನೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ಮೇಲೆ ಸಿಮೆಂಟಿನ ಚಾವಣಿ, ಪಕ್ಕದಲ್ಲಿ ಎರಡು ಪದರ ಗಾಜು, ಬಾಗಿಲ ಬುಡಕ್ಕೆ ರಬ್ಬರು. ಉಳಿದದ್ದು ಎರಡೇ ಎರಡು ಕಿಂಡಿ. ಸಪ್ಪೊರೊದಲ್ಲಿ ಸೀಮೆಎಣ್ಣೆ ಒಲೆ ಹಚ್ಚುವ ಮನೆಗಳಲ್ಲಿ ಹೊತ್ತುಹೊತ್ತಿಗೆ ಕಿಟಕಿ ತೆರೆಯುವುದನ್ನು ಅವಳು ಕಂಡಿದ್ದಳು. ಯಾಕೆ ಎಂದೂ ಅವಳಿಗೆ ಗೊತ್ತಿತ್ತು.

ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಇಲ್ಲಿಯೇ ಅವಳ ತಪ್ಪು, ಅದನ್ನು ಮುಚ್ಚಿಟ್ಟು ಕಥೆ ಹೇಳಿ ಪ್ರಯೋಜನವಿಲ್ಲ. ಕೆಂಡ ತೆಗೆಯಿರಿ ಅಂದರೆ ಬಾಣಂತನ ಕೆಡಿಸಿದವಳು ಎಂದು ಅಜ್ಜಿ ಮುನಿಯುತ್ತಾಳೆ. ಈ ಕೋಣೆ ಸರಿಯಿಲ್ಲ ಅಂದರೆ ಅಪ್ಪನ ಬೆರಳು, ಅಪ್ಪನ ಬೀರು, ಅಪ್ಪನ ಮೀಸೆ ಎಲ್ಲ ಮಣ್ಣುಪಾಲು. ಮಾರನೆಯ ದಿನ ನಾಗಮಂಗಲದಿಂದ ಬೀಗರು ತೊಟ್ಟಿಲ ಶಾಸ್ತ್ರದ ಮಾತಿಗೆ ಬರುವವರಿದ್ದರು. ಅವರ ಮುಂದೆ ಸ್ವಂತ ಮಗಳೇ ಮನೆಯನ್ನು ತೆಗಳುವುದೇ? ಫೆಬ್ರವರಿಯ ನೆನಪೂ ಬಂತು ಅನ್ನಿ. ಬಿಸಿತುಪ್ಪ ಬಾಯಿಗಿಟ್ಟುಕೊಂಡವಳ ಹಾಗೆ, ಉಗುಳಲಾರದೆ ನುಂಗಲಾರದೆ ಕೂತಳು. ಒಂದು ಸಲ ಮಾತ್ರ, ಕಿಟಕಿ ಸ್ವಲ್ಪ ತೆಗೆಯೋಣವೇ ಎಂದು ಕೇಳಿದಳು. ಅಜ್ಜಿ ಅವಳನ್ನು ದುರುಗುಟ್ಟಿ ನೋಡಿದಳು, ಅಲ್ಲಿಗೆ ಮುಗಿಯಿತು.

ಸಂಜೆ ಪ್ರಮೀಳಾ ಊಟಕ್ಕೆ ಹಜಾರಕ್ಕೆ ಬಂದಾಗ ಅವಳ ತಲೆನೋವು ಬಿಟ್ಟಿತ್ತು, ಮಗುವೂ ಕುಂಯ್ಯೆಂದಿತು. ಹೇಮಶ್ರೀಯ ಅನುಮಾನ ಗಟ್ಟಿಯಾಯಿತು. ಅವಳು ಯಾರಿಗೂ ಕಾಣದಂತೆ ಕೋಣೆಗೆ ಹೋಗಿ, ಸ್ಟೂಲು ಹತ್ತಿ, ಎರಡೂ ಕಿಂಡಿಯ ಬಟ್ಟೆ ಕಿತ್ತು, ಫ್ಯಾನು ಹಾಕಿ ಬಂದಳು. ಅಬ್ಬ, ಜಗಳವಿಲ್ಲದೆ ಕೆಲಸವಾಯಿತು ಅಂದುಕೊಂಡಳು. ಯಾಕೆ ಕಿತ್ತೆ ಎಂದು ಒಬ್ಬರಿಗೂ ಹೇಳಲಿಲ್ಲ.

ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಪ್ರಮೀಳಾಗೂ ಮಗುವಿಗೂ ಎಣ್ಣೆ ನೀರು ಆಗುತ್ತಿತ್ತು. ಹೇಮಶ್ರೀ ಕ್ಯಾಮೆರಾ ಹಿಡಿದು ಹೊರಗೆ ಬಂದು ಮನೆಯ ಮುಂಭಾಗ ತೆಗೆದಳು, ಪಡಸಾಲೆ ತೆಗೆದಳು, ಹಿತ್ತಿಲಿಗೆ ಹೋಗಿ ಅಲ್ಲಿಯೂ ತೆಗೆದಳು. ಸುತ್ತು ಹಾಕುತ್ತ ಹಾಕುತ್ತ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಕೊನೆಗೆ ಬಾಣಂತಿ ಕೋಣೆಯ ಕಿಟಕಿಗೆ ಕ್ಯಾಮೆರಾ ಎತ್ತಿದಳು. ಗಾಜಿನ ಒಳಮೈ ಬೆವೆತು ನೀರು ಧಾರೆಯಾಗಿ ಇಳಿಯುತ್ತಿತ್ತು. ಕಣ್ಣು ಮೇಲಕ್ಕೆ ಹೋಯಿತು. ಫ್ಯಾನಿನ ಕಿಂಡಿಯಲ್ಲಿ ಹಸಿರು ಸೀರೆಯ ಅಂಚು ಕಾಣುತ್ತಿತ್ತು.

ಬೆಳಿಗ್ಗೆ ಎದ್ದ ಅಜ್ಜಿ ಕಿಂಡಿ ತೆರೆದಿದ್ದನ್ನು ಕಂಡು, ಯಾರೋ ತಿಳಿಯದೆ ಫ್ಯಾನು ಹಾಕಿ ಬಟ್ಟೆ ಬಿದ್ದುಹೋಗಿದೆ ಅಂದುಕೊಂಡು, ಫ್ಯಾನು ಆರಿಸಿ ಮತ್ತೆ ಗಟ್ಟಿಯಾಗಿ ತುರುಕಿದ್ದಳು. ರಾತ್ರಿಯೆಲ್ಲ ಗಾಳಿ ಹೊಡೆದಿದೆ ಎಂದು ಕೆಂಡವನ್ನೂ ಜಾಸ್ತಿ ಹಾಕಿದ್ದಳು.

ಹೇಮಶ್ರೀ ಒಳಗೆ ಓಡಿದಳು. ಕೋಣೆಗೆ ಒಳಗಿನಿಂದ ಚಿಲಕ. ಬಾಣಂತಿಗೆ ಬೆವರು ಬಿಡಿಸುವಾಗ ಯಾರೂ ಬಾಗಿಲು ತೆಗೆಯಬಾರದೆಂದು ಅಜ್ಜಿ ಯಾವಾಗಲೂ ಚಿಲಕ ಹಾಕುವವಳು. ಬಾಗಿಲು ಬಡಿದಳು. ಅಕ್ಕಾ ಅಂದಳು, ಅಜ್ಜಿ ಅಂದಳು. ಉತ್ತರವಿಲ್ಲ. ಅಡಿಗೆ ಮನೆಯಿಂದ ಬಂದ ಜಯಲಕ್ಷ್ಮಮ್ಮ, ಮಲಗಿರುತ್ತಾರೆ, ಯಾಕೆ ಹೀಗೆ ಹೊಡೆಯುತ್ತೀಯೆ ಎಂದು ಗದರಿದಳು. ಹೇಮಶ್ರೀಗೆ ವಿವರಿಸುವಷ್ಟು ಉಸಿರಿರಲಿಲ್ಲ. ಮತ್ತೆ ಹೊರಗೋಡಿ, ಕಾಂಪೌಂಡಿಗೆಂದು ರಾಶಿ ಹಾಕಿದ್ದ ಕಲ್ಲಿನಲ್ಲಿ ಒಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಿಟಕಿಗೆ ಹೊಡೆದಳು. ಮೊದಲ ಗಾಜು ಪುಡಿಯಾಯಿತು. ಎರಡನೆಯದು ಜಗ್ಗಲಿಲ್ಲ. ತಾನೇ ಹಟ ಹಿಡಿದು ಹಾಕಿಸಿದ ಗಾಜು ಅದು.

ಡೈರಿಗೆ ಹಾಲು ಹಾಕಿ ಕ್ಯಾನು ಹಿಡಿದು ಬರುತ್ತಿದ್ದ ಜವರಯ್ಯ ಗಾಜು ಒಡೆದ ಸದ್ದಿಗೆ ಓಡಿಬಂದ. ಮಗಳಿಗೆ ಬುದ್ಧಿ ಕೆಟ್ಟಿತೋ ಎಂದು ಅವಳ ರಟ್ಟೆ ಹಿಡಿದುಕೊಂಡ.

"ಬುಡಪ್ಪಾ. ಒಳಗೆ ಕೆಂಡ ಐತೆ, ಗಾಳಿ ಇಲ್ಲ. ಮೂರು ಜನಾನೂ ಸತ್ತೋಯ್ತಾರೆ."

ಜವರಯ್ಯ ಅರ್ಥ ಕೇಳುತ್ತ ನಿಲ್ಲಲಿಲ್ಲ. ಮಗಳ ಮುಖ ನೋಡಿದ, ಕ್ಯಾನು ಬಿಸಾಡಿದ, ಕೊಟ್ಟಿಗೆಯಿಂದ ಹಾರೆ ತಂದ. ಅವಳು ಎರಡನೆಯ ಗಾಜು ಒಡೆಯುವಷ್ಟರಲ್ಲಿ ಅವನು ಬಾಗಿಲ ಸಂದಿಗೆ ಹಾರೆ ಕೊಟ್ಟು ಮೀಟಿದ. ತೇಗದ ಬಾಗಿಲು ಚಿಲಕದ ಸಮೇತ ಕಿತ್ತು ಬಂತು.

ಚಿಕ್ಕಬೋರಮ್ಮ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಅರ್ಧ ತೆರೆದಿತ್ತು, ಯಾರನ್ನೂ ಗುರುತಿಸಲಿಲ್ಲ. ಮಡಿಲಲ್ಲಿ ಬಟ್ಟೆ ಸುತ್ತಿದ ಮಗು ಅಲ್ಲಾಡದೆ ಮಲಗಿತ್ತು. ಪ್ರಮೀಳಾಳ ಕೈ ಮಂಚದಿಂದ ಕೆಳಗೆ ಜೋತಿತ್ತು. ಹೇಮಶ್ರೀ ಮಗುವನ್ನು ಕಿತ್ತುಕೊಂಡು ಅಂಗಳಕ್ಕೆ ಓಡಿ ಬಟ್ಟೆ ಬಿಚ್ಚಿದಳು. ಎದೆ ಏಳುತ್ತಿದೆಯೋ ಇಲ್ಲವೋ ಕಾಣಲಿಲ್ಲ. ಬಾಯಿಯ ಹತ್ತಿರ ಕೆನ್ನೆ ಇಟ್ಟಳು. ಎಲ್ಲೋ ದೂರದಲ್ಲಿ ಇದ್ದ ಹಾಗೆ ಸಣ್ಣ ಉಸಿರು ತಾಗಿತು.

ಪಕ್ಕದ ಮನೆಯ ಕೃಷ್ಣ ಕಾರು ತೆಗೆದ. ಮೂವರನ್ನೂ ಹಿಂದೆ ತುಂಬಿಕೊಂಡು, ಕಿಟಕಿಗಳನ್ನೆಲ್ಲ ಇಳಿಸಿ, ಪಾಂಡವಪುರಕ್ಕೆ ಹೊಡೆದರು. ದಾರಿಯಲ್ಲಿ ಒಂದು ಕಬ್ಬಿನ ಟ್ರಾಕ್ಟರು ಅಡ್ಡ ಸಿಕ್ಕಿ, ಮುಂದೆಯೂ ಹೋಗದೆ ಪಕ್ಕಕ್ಕೂ ಸರಿಯದೆ ಎಲ್ಲರ ಜೀವ ತಿಂದಿತು. ಹೇಮಶ್ರೀ ಮಗುವಿನ ಅಂಗಾಲನ್ನು ಉಜ್ಜುತ್ತಲೇ ಇದ್ದಳು. ಅಕ್ಕನ ಹೆಸರು ಕೂಗುತ್ತಲೇ ಇದ್ದಳು. ಅಕ್ಕ ಒಂದು ಸಲ ಕಕ್ಕಿದಳು. ಅದನ್ನು ಕಂಡು ಅವಳಿಗೆ ಜೀವ ಬಂದಂತಾಯಿತು, ಕಕ್ಕುವವರು ಬದುಕಿರುತ್ತಾರೆ.

ಆಸ್ಪತ್ರೆಯಲ್ಲಿ ಮೂವರಿಗೂ ಆಕ್ಸಿಜನ್ ಇಟ್ಟರು. ಡಾಕ್ಟರಮ್ಮ ಮೊದಲು ಕೇಳಿದ್ದೇ ಕೆಂಡ ಇಟ್ಟಿದ್ದಿರಾ ಎಂದು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಒಂದು ಗ್ಯಾಸು ಏಳುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಮಲಗಿದ ಹಾಗೇ ಹೋಗುತ್ತಾರೆ ಅಂದರು. ದೊಡ್ಡವರಿಗೆ ಭಯವಿಲ್ಲ, ಮಗುವಿನ ವಿಷಯ ಈಗಲೇ ಹೇಳಲಾಗದು, ಕಣ್ಣು ಬಿಡದಿದ್ದರೆ ಮೈಸೂರಿಗೆ ಕಳಿಸಬೇಕು ಎಂದು ಹೇಳಿ ಒಳಗೆ ಹೋದರು.

ಹೊರಗಿನ ಬೆಂಚಿನ ಮೇಲೆ ಜವರಯ್ಯ ಹಾರೆ ಹಿಡಿದಿದ್ದ ಕೈಯನ್ನೇ ನೋಡುತ್ತ ಕೂತ. ಜಯಲಕ್ಷ್ಮಮ್ಮ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಹೇಮಶ್ರೀಗೆ ಕೂರಲಾಗಲಿಲ್ಲ. ಬಾಗಿಲ ಗಾಜಿನಲ್ಲಿ ಆ ಪುಟ್ಟ ಮುಖದ ಮೇಲಿನ ಮುಖವಾಡ ಕಾಣುತ್ತಿತ್ತು. ನಿನ್ನೆ ಸಂಜೆ ಬಾಯಿ ಬಿಟ್ಟಿದ್ದರೆ, ಒಂದೇ ಒಂದು ಮಾತು ಜೋರಾಗಿ ಆಡಿದ್ದರೆ ಎಂದು ಅವಳ ಮನಸ್ಸು ಅವಳನ್ನು ತಿಂದುಹಾಕುತ್ತಿತ್ತು. ನರ್ಸು ಬಂದಾಗಲೆಲ್ಲ ಅಪ್ಪ ಅವ್ವ ಎದ್ದು ನಿಲ್ಲುವರು, ಅವಳು ಏನೂ ಹೇಳದೆ ಹೋದರೆ ಮತ್ತೆ ಕೂರುವರು. ಮಧ್ಯಾಹ್ನ ಬಾಗಿ ಬಿಸಿಲು ಬೆಂಚಿಗೆ ಬರುವ ಹೊತ್ತಿಗೆ ಒಳಗಿನಿಂದ ಒಂದು ಅಳು ಕೇಳಿಸಿತು. ಕೀಚಲು ಅಳು. ಜಯಲಕ್ಷ್ಮಮ್ಮ ಸೆರಗು ಬಾಯಿಗೆ ತುರುಕಿಕೊಂಡು ತಾನೂ ಅತ್ತಳು. ಹೇಮಶ್ರೀ ಬಾಗಿಲ ಗಾಜಿಗೆ ಹಣೆ ಒತ್ತಿ ಆ ಅಳುವನ್ನೇ ಕೇಳಿದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ನಾಗಮಂಗಲದಿಂದ ಪ್ರಮೀಳಾಳ ಗಂಡ ಲೋಕೇಶ, ಅವನ ತಾಯಿ ಮಂಗಳಮ್ಮ ಇಬ್ಬರೂ ಬಂದರು. ಮಂಗಳಮ್ಮ ಕೆಟ್ಟವಳಲ್ಲ. ಮೊಮ್ಮಗನ ಮೇಲಿನ ಜೀವಕ್ಕೆ ಬಾಯಿ ಜೋರು ಮಾಡಿದಳು, ಅಷ್ಟೇ. ಎಲ್ಲರನ್ನೂ ಒಂದೇ ವಾರ್ಡಿಗೆ ತಂದಿದ್ದರು. ಮಂಚದ ಮೇಲೆ ಚಿಕ್ಕಬೋರಮ್ಮ ಎದ್ದು ಕೂತಿದ್ದಳು, ತಲೆ ಬಗ್ಗಿಸಿಕೊಂಡು. ಮಗುವಿನ ಕಡೆ ನೋಡುತ್ತಲೂ ಇರಲಿಲ್ಲ.

ವಯಸ್ಸಾದವರ ಕೈಗೆ ಹಸುಗೂಸು ಕೊಟ್ಟರೆ ಹೀಗೇ ಆಗುವುದು ಎಂದು ಮಂಗಳಮ್ಮ ಶುರು ಮಾಡಿದಳು. ಕೈ ನಡುಗುವವರಿಗೆ ಕೆಂಡದ ಅಂದಾಜು ಎಲ್ಲಿಂದ ಬರಬೇಕು ಅಂದಳು. ಜವರಯ್ಯ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೆತ್ತ ತಾಯಿಯ ಮೇಲೆ ಮಾತು ಬೀಳುತ್ತಿದ್ದರೂ ಸುಮ್ಮನಿದ್ದ. ತಾಯಿಯ ತಪ್ಪು ಅಂತಾದರೆ ಮನೆ ಉಳಿಯುತ್ತದಲ್ಲ. ಇದನ್ನು ಕಂಡು ಹೇಮಶ್ರೀಗೆ ಅಪ್ಪನ ಮೇಲೆ ಸಿಟ್ಟು ಬಂತು, ಮರುಗಳಿಗೆಗೆ ತನ್ನ ಮೇಲೆಯೇ ಬಂತು. ಅವಳೂ ಅದನ್ನೇ ಮಾಡುತ್ತಿದ್ದಳು.

"ನಾಳೀಕೆ ನಮ್ಮೂರ್ಗೆ ಕರ್ಕೊಂಡೋಯ್ತೀವಿ ಕಣಣ್ಣ," ಎಂದಳು ಮಂಗಳಮ್ಮ ಜವರಯ್ಯನಿಗೆ. "ಫೋನ್ ಮಾಡಿ ಕ್ವಾಣೆ ರೆಡಿ ಮಾಡ್ಸೀವ್ನಿ. ಕಿಟ್ಕಿಗೆಲ್ಲ ಬಟ್ಟೆ ಕಟ್ಸೀವ್ನಿ, ಉಣ್ಸೆ ಸೌದೆ ಕೆಂಡಾನೂ ಆಯ್ತದೆ. ನಾನೇ ಕುಂತು ಕಾವು ಕೊಡ್ತೀನಿ."

ನಾಗಮಂಗಲದ ಆ ಮನೆಯನ್ನು ಹೇಮಶ್ರೀ ಬಲ್ಲಳು. ಅದೂ ಹೊಸ ಸಿಮೆಂಟಿನ ಮನೆ, ಜಾರುವ ಗಾಜಿನ ಕಿಟಕಿ. ಅಜ್ಜಿಯದೇ ತಪ್ಪು ಎಂದು ಎಲ್ಲರೂ ಒಪ್ಪಿಕೊಂಡು ಎದ್ದರೆ, ನಾಳೆ ಅಲ್ಲಿ ಇನ್ನೊಂದು ಬಾಂಡ್ಲಿ ಮಂಚದ ಕೆಳಗೆ ಹೋಗುತ್ತದೆ. ಈ ಸಲ ಕಿಟಕಿ ಒಡೆಯಲು ಅವಳು ಸಪ್ಪೊರೊದಿಂದ ಬರಲಾರಳು.

"ಅತ್ತೆ, ಅಜ್ಜಿ ತಪ್ಪಲ್ಲ ಅದು," ಎಂದಳು. "ಆ ಕ್ವಾಣೆ ಬರ್ದೋಳು ನಾನು. ಗಾಳಿ ಆಡಕ್ಕೆ ಎರಡೇ ಕಿಂಡಿ ಮಡಗಿದ್ದೆ. ಅದ್ನ ಮುಚ್ಬುಟ್ರೆ ಅದು ಪೆಟ್ಗೆ. ಅಜ್ಜಿ ನಮ್ಮಪ್ಪನ್ನ ಸಾಕ್ದಂಗೇ ಇವುನ್ನೂ ಸಾಕ್ತಿದ್ಲು, ಮನೆ ಅಂಗಿರ್ನಿಲ್ಲ. ನೆನ್ನೆ ಸಂಜೇಲೇ ನಂಗೆ ಅನುಮಾನ ಬಂದಿತ್ತು. ಬಟ್ಟೆ ಕಿತ್ತಾಕ್ದೆ, ಯಾಕೆ ಅಂತ ಒಬ್ರಿಗೂ ಯೋಳ್ನಿಲ್ಲ. ನಮ್ಮಪ್ಪನ್ ಮನೆ ಮರ್ವಾದೆ ಓಯ್ತದೆ ಅಂತ ಸುಮ್ಕಿದ್ದೆ. ನಿಮ್ಮನೆ ಕ್ವಾಣೆನೂ ಅಂಗೇ ಐತೆ. ಅಲ್ಲಿ ಕೆಂಡ ಇಕ್ಕಿದ್ರೆ ಇನ್ನೊಂದ್ಸಲ ಇದೇ ಆಯ್ತದೆ."

ಪಕ್ಕದ ಮಂಚದವರೂ ಕಿವಿ ನೆಟ್ಟರು. ಜವರಯ್ಯನ ಮುಖ ಕಪ್ಪಿಟ್ಟಿತು, ಆದರೆ ಅವನು ಮಗಳನ್ನು ತಡೆಯಲಿಲ್ಲ. ಲೋಕೇಶ ತಾಯಿಯನ್ನು ನೋಡಿದ. ಮಂಗಳಮ್ಮ ನಂಬಲೋ ಬೇಡವೋ ಎಂಬಂತೆ, ವಾರ್ಡು ನೋಡಲು ಬಂದು ಪಕ್ಕದಲ್ಲೇ ನಿಂತಿದ್ದ ಡಾಕ್ಟರಮ್ಮನ ಕಡೆ ತಿರುಗಿದಳು. ಅವರು ಹೌದೆಂದು ತಲೆಯಾಡಿಸಿದ ಮೇಲೆ, ಮಗನ ಫೋನು ಇಸಿದುಕೊಂಡು ಮನೆಗೆ ಮಾಡಿ, ಕಿಟಕಿಯ ಬಟ್ಟೆಯೆಲ್ಲ ಬಿಚ್ಚಿಸಿರಿ, ಸೌದೆ ಮುಟ್ಟಬೇಡಿ ಎಂದು ಹೇಳಿದಳು. ಆ ದನಿಯಲ್ಲಿ ಜೋರಿರಲಿಲ್ಲ, ಹೆದರಿಕೆಯಿತ್ತು.

ಹೇಮಶ್ರೀ ಅಜ್ಜಿಯ ಮಂಚದ ಬಳಿ ಹೋಗಿ ನಿಂತಳು. ತಪ್ಪು ತನ್ನ ಮೇಲೆ ಹಾಕಿಕೊಂಡದ್ದಕ್ಕೆ ಅಜ್ಜಿ ತಲೆ ನೇವರಿಸುತ್ತಾಳೆ, ಬಿಡು ಮಗಾ ಅನ್ನುತ್ತಾಳೆ ಎಂದು ಅವಳಿಗೆ ಒಳಗೊಳಗೇ ಆಸೆಯಿತ್ತು. ಚಿಕ್ಕಬೋರಮ್ಮ ಹಾಗೆ ಏನೂ ಮಾಡಲಿಲ್ಲ. ಮೂಗಿನ ನಳಿಕೆಯನ್ನು ಸರಿಸಿಕೊಂಡು ಮೊಮ್ಮಗಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ನೋವಿತ್ತು.

"ಅಲ್ಲಿ ಕುಂತು ಮನೆ ಬರ್ಯುವಾಗ ನಿಮ್ಮಪ್ಪನ್ನ ಕೇಳ್ದೆ, ಮೇಸ್ತ್ರಿನ ಕೇಳ್ದೆ. ಈ ಕ್ವಾಣೇಲಿ ನೀನು ಏನ್ ಮಾಡ್ತೀಯಜ್ಜಿ ಅಂತ ನನ್ನ ಒಂದ್ ಮಾತು ಕೇಳ್ನಿಲ್ಲವಲ್ಲ ಮಗಾ."

ನಕ್ಷೆಯಲ್ಲಿ ಆ ಕೋಣೆಗೆ ಹೇಮಶ್ರೀ ಬರೆದದ್ದು ಮಲಗುವ ಕೋಣೆ ಎಂದಷ್ಟೇ. ಯಾರು ಮಲಗುತ್ತಾರೆ, ಹೇಗೆ ಮಲಗುತ್ತಾರೆ, ಮಲಗಿದವರ ಪಕ್ಕದಲ್ಲಿ ಯಾರು ಕೂತಿರುತ್ತಾರೆ, ಒಂದನ್ನೂ ಯೋಚಿಸಿರಲಿಲ್ಲ.

ಅಜ್ಜಿ ಮಂಚದ ಮೇಲೆ ಕಾಲು ಮಡಚಿ ಜಾಗ ಮಾಡಿದಳು.

"ಕುತ್ಕೊ. ಈಗ ಕೇಳು."

ಅವಳು ಕೂತಳು. ಕಣ್ಣೊರೆಸಿಕೊಂಡು, ಕೋಣೆಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತೀಯಜ್ಜಿ ಎಂದು ಕೇಳಿದಳು.